ನಾಚಿಗೋಡೆಯ ಮನೆಗೆ ಬಂದ ದಿಲ್ಶಾದ್

ಹುಬ್ಬಳ್ಳಿ
ಫೆಬ್ರವರಿ ೩೦, ೨೧೯೪

ನಮ್ಮ ಓಣಿಯಲ್ಲಿ ನನಗಿಂತ ನೂರೆಪ್ಪತ್ತು ವರ್ಷ ಮೊದಲು ಬಾಳುತ್ತಿರುವವರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟೆವು. ನೀವು ನನಗಿಂತ ಮೊದಲು ಹುಟ್ಟಿದ್ದರೂ ವಯಸ್ಸಿನಲ್ಲಿ ಚಿಕ್ಕವರಿರಬಹುದು, ನನಗೀಗ ಎಪ್ಪತ್ತೆರಡು. ಹೀಗಾಗಿ ನಮಸ್ಕಾರ, ಆಶೀರ್ವಾದ ಎರಡನ್ನೂ ಕಳಿಸುತ್ತಿದ್ದೇನೆ, ಹೊಂದುವುದನ್ನು ಇಟ್ಟುಕೊಳ್ಳಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮೆಯಿರಲಿ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಜಾಗದ ರೇಟು, ಕ್ರಿಕೆಟ್ಟು, ಚುನಾವಣೆ ಈ ಮೂರರ ಬಗ್ಗೆ ಒಂದಕ್ಷರ ಬರೆದರೂ ಅಲ್ಲಿನ ಗುಮಾಸ್ತ ಲಕೋಟೆ ವಾಪಸ್ಸು ಕೊಡುತ್ತಾನೆ. ಮನೆಯ ಸಮಾಚಾರಕ್ಕೆ ಅಡ್ಡಿಯಿಲ್ಲವಂತೆ. ಹಾಗಾಗಿ ಮನೆಯದನ್ನೇ ಬರೆಯುತ್ತೇನೆ.

ನನ್ನ ಹೆಸರು ನೀಲವ್ವ ಉಳ್ಳಾಗಡ್ಡಿ. ಗಾಳಿಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಮೋಡಗಳ ನಡುವೆ ಬೀಸುವ ಗಾಳಿಯ ಸದ್ದನ್ನು ಮೀರಿಸಿ ಕೂಗದಿದ್ದರೆ ಜನ ಒಳಕ್ಕೆ ಸರಿಯುವುದಿಲ್ಲ. ಕೆಲಸದಿಂದ ನಿವೃತ್ತಳಾದೆ, ಗಂಟಲು ಆಗಲಿಲ್ಲ. ಇದರ ಮೇಲೆ ನಗರಸಭೆಯವರು ಮನೆಮನೆಗೂ ನಾಚಿಗೋಡೆ ಹಾಕಿಸಿದರು. ನಾಚಿಗೋಡೆ ಎಂದರೆ, ಮನೆಯಲ್ಲಿ ಯಾರಾದರೂ ದನಿ ಎತ್ತರಿಸಿದರೆ ಕೆಂಪಾಗುವ ಬಣ್ಣ ಬಳಿದ ಗೋಡೆ. ಕಿಟಕಿಯಿಂದ ಬೀದಿಗೆಲ್ಲ ಕಾಣುತ್ತದೆ. ಜನ ನಾಚಿಕೊಂಡು ಮೆತ್ತಗಾಗುತ್ತಾರೆ ಎಂಬುದು ಅವರ ಲೆಕ್ಕಾಚಾರ. ನಮ್ಮ ಮನೆಯ ಗೋಡೆ ಹಾಕಿದ ದಿನವೇ ಕೆಂಪಾಯಿತು. ಆಮೇಲೆ ದಾರಿ ಕೇಳಿದವರಿಗೆಲ್ಲ ಓಣಿಯವರು ಕೆಂಪು ಗೋಡೆಯಿಂದ ಎಡಕ್ಕೆ ಹೊರಳಿ ಎಂದು ಹೇಳತೊಡಗಿದರು. ನನ್ನ ತಮ್ಮ ಗುರುಪಾದ ನನ್ನ ಜೊತೆಗೇ ಇದ್ದಾನೆ. ಬೆಳಕು ಹರಿಯುವ ಮೊದಲೇ ಹಾರ್ಮೋನಿಯಂ ಹಿಡಿದು ಕೂರುತ್ತಾನೆ. ಆ ಹಾರ್ಮೋನಿಯಂಗೆ ಯಾಕೋ ಗೋಡೆ ಕೆಂಪಾಗುವುದಿಲ್ಲ.

ಇನ್ನು ಕೀಲಿಕಟ್ಟೆಯ ವಿಷಯ. ಪ್ರತಿ ಓಣಿಯ ತುದಿಗೂ ಒಂದು ಕಟ್ಟೆಯಿದೆ, ಅಲ್ಲಿ ಕೊಕ್ಕೆಗಳಲ್ಲಿ ಮನೆಗಳ ಕೀಲಿಕೈಗಳು ತೂಗುತ್ತವೆ. ಇರಲು ಮನೆಯಿಲ್ಲದ ಹುಡುಗ ಹುಡುಗಿಯರು ಬಂದು ತಮಗೆ ಬೇಕೆನಿಸಿದ ಕೀಲಿಕೈ ತೆಗೆದುಕೊಂಡು ನೇರ ಆ ಮನೆಯ ಬಾಗಿಲು ತೆಗೆಯಬಹುದು. ಯಾಕೆ ಬಂದೆ, ಯಾರ ಮಗ, ಯಾರ ಮಗಳು ಎಂದು ಕೇಳುವಂತಿಲ್ಲ. ಮೂರು ತಿಂಗಳು ಇದ್ದು ನೋಡಿ, ಒಗ್ಗಿದರೆ ಕೀಲಿಕೈ ಅವರದೇ, ಮನೆಯೂ ಅವರದೇ. ಅವರಿಗಾಗಲಿ ಮನೆಯವರಿಗಾಗಲಿ ಒಗ್ಗದಿದ್ದರೆ ಮತ್ತೆ ಕೊಕ್ಕೆಗೆ. ಹೀಗೆ ನಾವು ಮಕ್ಕಳನ್ನು ಆರಿಸುವುದಿಲ್ಲ, ಮಕ್ಕಳೇ ನಮ್ಮನ್ನು ಆರಿಸುತ್ತಾರೆ. ಕೀಲಿಕೈ ಕೊಕ್ಕೆಗೆ ವಾಪಸ್ಸು ಬಂದ ಮನೆಯವರು ನಾಲ್ಕು ದಿನ ಹಿಂದಿನ ಬಾಗಿಲಿನಿಂದಲೇ ಓಡಾಡುತ್ತಾರೆ.

ನಮ್ಮ ಕೀಲಿಕೈ ಒಮ್ಮೆ ವಾಪಸ್ಸು ಹೋಗಿತ್ತು. ಮಲ್ಲೇಶಿ ಎಂಬ ಹುಡುಗ ಮೂರು ತಿಂಗಳೂ ತುಂಬದೆ ಹೊರಟುಹೋದ. ನನ್ನ ಬಾಯಿಯೇ ಕಾರಣ ಎಂದು ಓಣಿ ತೀರ್ಮಾನಿಸಿತು. ನಾನು ಒಪ್ಪಲಿಲ್ಲ, ಜೋರಾಗಿಯೇ ಒಪ್ಪಲಿಲ್ಲ. ಆದರೂ ಹೋದ ವರ್ಷ ದಿಲ್ಶಾದ್ ನಮ್ಮ ಬಾಗಿಲು ತೆಗೆದು ಒಳಗೆ ಬಂದಾಗ, ಈ ಸಲ ಬಾಯಿ ಬಿಗಿಹಿಡಿಯುವುದೆಂದು ನಿರ್ಧರಿಸಿದ್ದೆ.

ಆಗ ಅವಳಿಗೆ ಹದಿನೇಳು. ಅದಕ್ಕೂ ಮೊದಲು ಹಳೇ ಬಸ್‌ಸ್ಟ್ಯಾಂಡಿನ ಮಾಳಿಗೆಯ ಮೇಲೆ ಮಲಗುತ್ತಿದ್ದಳು. ನಾಲ್ಕು ಮನೆಗಳ ಕೀಲಿಕೈಗಳನ್ನು ತಾನೇ ಕೊಕ್ಕೆಗೆ ಹಾಕಿ ಬಂದವಳು. ಗಾಳಿಯಂತ್ರ ರಿಪೇರಿಯ ತರಬೇತಿಗೆ ಸೇರಿದ್ದಳು. ಆ ಶಾಲೆಯವರಿಗೆ ಸ್ಥಿರವಾದ ಒಂದು ವಿಳಾಸ ಬೇಕು. ಇನ್ನೊಂದು ಮನೆ ತಪ್ಪಿದರೆ ಸೀಟು ಹೋಗುತ್ತದೆ, ಮತ್ತೆ ಮಾಳಿಗೆಯೇ ಗತಿ ಎಂದು ಮೊದಲೇ ಎಚ್ಚರಿಸಿದ್ದರಂತೆ. ಕಣ್ಣು ಚುರುಕು, ಮಾತು ಕಡಿಮೆ. ಚಪ್ಪಲಿಯನ್ನು ಹೊರಗೆ ಬಿಡುತ್ತಿರಲಿಲ್ಲ. ಒರೆಸಿ ಚೀಲದೊಳಗಿಟ್ಟು ಚೀಲವನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದಳು. ಏನೇ ಆಗಲಿ, ಈ ಹುಡುಗಿಯನ್ನು ಬಿಟ್ಟುಕೊಡಬಾರದು ಅನ್ನಿಸಿತು.

ಹಾಗಾಗಿ ಬೀಗರಿಗೆ ಮಾಡುವ ಉಪಚಾರವನ್ನೆಲ್ಲ ಮಾಡಿದೆ. ಒಳ್ಳೆಯ ತಟ್ಟೆ ಅವಳಿಗೆ, ಕಿಟಕಿಯ ಪಕ್ಕದ ಕುರ್ಚಿ ಅವಳಿಗೆ. ಪಾತ್ರೆ ಮುಟ್ಟಲು ಬಂದರೆ ಕೈಹಿಡಿದು ಕೂರಿಸುತ್ತಿದ್ದೆ. ನಲ್ಲಿ ಬಿಟ್ಟು ಹೋದಳು, ನಕ್ಕೆ. ರೊಟ್ಟಿಯಂತ್ರದ ಹೊಟ್ಟೆ ಬಿಚ್ಚಿ ಒಳಗೇನಿದೆಯೆಂದು ನೋಡಿದಳು. ಅವತ್ತಿನಿಂದ ಅದು ಚೌಕ ರೊಟ್ಟಿ ಕೊಡತೊಡಗಿತು. ಚೌಕವಾದರೆ ಮಡಚಲು ಸುಲಭ ಎಂದು ಅದಕ್ಕೂ ನಕ್ಕೆ. ತಡೆಯಲಾಗದಾಗ ಹಿತ್ತಿಲಿಗೆ ಹೋಗಿ ಕರಿಬೇವಿನ ಗಿಡಕ್ಕೆ ಬೈದು ಬರುತ್ತಿದ್ದೆ. ಪಾಪ, ಅದು ಒಣಗತೊಡಗಿತು. ಉಳಿದದ್ದನ್ನು ಕಣ್ಣಿನಲ್ಲೇ ಗುರುಪಾದನಿಗೆ ಬೈಯುತ್ತಿದ್ದೆ. ಗೋಡೆ ಹಾಲಿನಂತೆ ಬೆಳ್ಳಗಾಯಿತು. ಓಣಿಯವರು ನನಗೇನಾಯಿತೋ ಎಂದು ಹಣ್ಣು ತೆಗೆದುಕೊಂಡು ನೋಡಲು ಬಂದರು. ಅಂಚೆಯವನು ಎರಡು ಸಲ ದಾರಿ ತಪ್ಪಿದ.

ಮೂರು ತಿಂಗಳು ತುಂಬಿದ ದಿನ ನಾನು ಹೋಳಿಗೆ ಮಾಡುತ್ತಿದ್ದೆ. ದಿಲ್ಶಾದ್ ಚೀಲ ಹೆಗಲಿಗೆ ಹಾಕಿಕೊಂಡು ಪಡಸಾಲೆಗೆ ಬಂದು, ಎಲ್ಲರಿಗೂ ಉಪಕಾರವಾಯಿತೆಂದು ಹೇಳಿ, ಕೀಲಿಕಟ್ಟೆಗೆ ಹೋಗುತ್ತೇನೆ ಎಂದಳು. ಗುರುಪಾದ ಕೈಲಿದ್ದ ಲೋಟ ಕೆಳಗಿಟ್ಟ. ನಾವು ಏನು ಕಡಿಮೆ ಮಾಡಿದೆವು ಎಂದು ಕೇಳಿದ. ಅವಳು ತಲೆ ತಗ್ಗಿಸಿದಳು.

"ಎಲ್ಲಾ ಮನ್ಯಾಗೂ ಹಿಂಗ ಸಿಹಿಯಾಗೇ ಮಾತಾಡ್ತಾರ್ರೀ. ಆಮ್ಯಾಲ ಸಿಹಿಯಾಗೇ ಕಳಿಸ್ತಾರ. ಅವ್ರು ಹೇಳೋಕಿಂತ ಮೊದಲ ನಾನ ಹೊಂಟ್ರ ಚಲೋ."

ಅಡುಗೆಮನೆಯಲ್ಲಿದ್ದ ನನಗೆ ಎಲ್ಲವೂ ಕೇಳಿಸಿತು. ಕಣ್ಣು ತುಂಬಿಬಂತು. ತಡೆಯಬೇಕು, ಆದರೆ ಇನ್ನೂ ಸಿಹಿಯಾಗಿ ಮಾತಾಡುವುದು ಹೇಗೆ? ಕಟ್ಟಿನ ಸಾರಿನ ಪಾತ್ರೆ ಕೈಯಲ್ಲಿದ್ದಂತೆಯೇ ಹೊರಗೆ ಓಡಿಬಂದೆ. ಅವಳು ಹೊರಡುವ ಅವಸರದಲ್ಲಿ ಚಪ್ಪಲಿಯನ್ನು ಚೀಲದಿಂದ ತೆಗೆದು ಅಡುಗೆಮನೆಯ ಹೊಸ್ತಿಲ ಬಳಿಯೇ ಇಟ್ಟಿದ್ದಳು. ನಾನು ಎಡವಿದೆ. ಸಾರೆಲ್ಲ ಗುರುಪಾದನ ಹಾರ್ಮೋನಿಯಂ ಮೇಲೆ ಬಿತ್ತು, ಮೂರು ತಿಂಗಳಿಂದ ತಡೆಹಿಡಿದದ್ದೆಲ್ಲ ಬಾಯಿಂದ ಹೊರಬಿತ್ತು.

"ಚಪ್ಪಲಿ ಇಡೂ ಜಾಗಾ ಏನ ಇದು? ಹೊರಗ ಕಟ್ಟಿ ಮ್ಯಾಲ ಅಷ್ಟು ಜಾಗಾ ಬಿದ್ದೈತಿ, ಕಣ್ಣಿಗೆ ಕಾಣಾಂಗಿಲ್ಲೇನು? ನಾಳಿಂದ ಅಲ್ಲೇ ಬಿಡಬೇಕು. ನಲ್ಲಿ ಬಂದ್ ಮಾಡಬೇಕು. ಆ ರೊಟ್ಟಿಯಂತ್ರ ದುಂಡನ್ನ ರೊಟ್ಟಿ ಕೊಡೂಮಟಾ ನಿನಗ ಹೋಳಗಿ ಇಲ್ಲ."

ಗೋಡೆ ಕುಂಕುಮದ ಹಾಗಾಯಿತು. ಗುರುಪಾದ ತಲೆಯ ಮೇಲೆ ಕೈಹೊತ್ತು ಕುಳಿತ. ನಾನೂ ಎಲ್ಲಾ ಮುಗಿಯಿತು ಎಂದುಕೊಂಡೆ. ದಿಲ್ಶಾದ್ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ನಾಳಿಂದಾ?" ಎಂದಳು.

"ಮತ್ತ ಇನ್ನ್ಯಾವತ್ತಿಂದ?" ಎಂದೆ.

ಅವಳು ಚೀಲ ಕೆಳಗಿಟ್ಟಳು. ಅರಿವೆ ತಂದು ನೆಲ ಒರೆಸಿದಳು. ಒರೆಸುತ್ತಲೇ ಅಳುತ್ತಿದ್ದಳು, ನಾನು ಅದನ್ನು ನೋಡಿಯೂ ನೋಡದವಳ ಹಾಗೆ ಆ ಮೂಲೆಯಲ್ಲಿ ಇನ್ನೂ ಸಾರಿದೆ ಎಂದು ತೋರಿಸಿದೆ. ಆಮೇಲೆ ರೊಟ್ಟಿಯಂತ್ರದ ಮುಂದೆ ಕೂತಳು. ಮಧ್ಯಾಹ್ನದ ಊಟದ ಹೊತ್ತಿಗೆ ರೊಟ್ಟಿ ಮೊಟ್ಟೆಯಾಕಾರಕ್ಕೆ ಬಂದಿತ್ತು, ಅಷ್ಟಕ್ಕೇ ನಾನು ಹೋಳಿಗೆ ಬಡಿಸಿದೆ. ಮರುದಿನ ಬೆಳಿಗ್ಗೆ ಕಸ ಹೊಡೆಯಲು ಹೋದಾಗ ಕಟ್ಟೆಯ ಮೇಲೆ ನಮ್ಮಿಬ್ಬರ ಚಪ್ಪಲಿಗಳ ಪಕ್ಕದಲ್ಲಿ ಅವಳವೂ ಇದ್ದವು. ಒಂದು ಬೋರಲು ಬಿದ್ದಿತ್ತು. ಅದನ್ನು ನೆಟ್ಟಗಿಟ್ಟು, ಒಳಗೆ ಹೋಗಿ, ಅದಕ್ಕೂ ಬೈದೆ.

ಮೊನ್ನೆ ಸಂತೆಯಲ್ಲಿ ಮಲ್ಲೇಶಿ ಸಿಕ್ಕಿದ್ದ. ಅವನು ಓಡಿಹೋದದ್ದು ಹಾರ್ಮೋನಿಯಂ ತಾಳಲಾರದೆ ಅಂತೆ. ಇದನ್ನು ನಾನು ಓಣಿಗೆಲ್ಲ ಕೇಳುವಂತೆ ಗುರುಪಾದನಿಗೆ ತಿಳಿಸಿದ್ದೇನೆ.

ನಿಮ್ಮ ಕಾಲದಲ್ಲಿ ಕೀಲಿಕಟ್ಟೆ ಇರಲಿಲ್ಲವೆಂದು ಓದಿದ್ದೇನೆ. ನಂಬುವುದು ಕಷ್ಟ, ಆದರೂ ನಂಬಿದ್ದೇನೆ. ಈ ಪತ್ರ ಓದುವ ಹೊತ್ತಿಗೆ ನಿಮ್ಮ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿಯನ್ನು ತಲೆಯಡಿ ಇಟ್ಟು ಮಲಗಿದ ಒಬ್ಬ ಹುಡುಗನೋ ಒಬ್ಬಳು ಹುಡುಗಿಯೋ ಇರಬಹುದು. ನನ್ನದೊಂದು ಬೇಡಿಕೆ. ಮೊದಲು ಬಾಗಿಲು ತೆಗೆಯಿರಿ, ಊಟಕ್ಕೆ ಹಾಕಿ, ಮಲಗಲು ಜಾಗ ಕೊಡಿ. ನಾಳೆಗೂ ಜಾಗವಿದೆ ಎಂದು ತಿಳಿಸಿ. ಬೈಯುವುದು ಆಮೇಲೆ. ಬಾಗಿಲು ತೆಗೆಯದೆಯೇ ಬೈಯುವವರು ನಿಮ್ಮಲ್ಲಿ ಬೇಕಾದಷ್ಟು ಜನರಿದ್ದರಂತೆ, ಅವರ ಸಾಲಿಗೆ ನೀವು ಸೇರಬೇಡಿ.

ಇನ್ನೂ ಬರೆಯುವುದಿತ್ತು. ಆದರೆ ಔಷಧಿ ತೆಗೆದುಕೊಳ್ಳದೆ ಯಾರಿಗೆ ಪತ್ರ ಗೀಚುತ್ತಾ ಕೂತಿದ್ದೀ ದೊಡ್ಡವ್ವಾ, ನಾಳೆಯಿಂದ ಪೆನ್ನನ್ನೇ ಎತ್ತಿಡುತ್ತೇನೆ ಎಂದು ದಿಲ್ಶಾದ್ ಒಳಗಿನಿಂದ ಕೂಗುತ್ತಿದ್ದಾಳೆ. ಗೋಡೆ ಕೆಂಪಾಗಿದೆ. ನಾನಿನ್ನೂ ಬಾಯಿಯೇ ತೆರೆದಿಲ್ಲ.

ನಿಮ್ಮ
ನೀಲವ್ವ