ಇಳಿತದ ಹೊತ್ತಿಗೆ ದೋಣಿ ಸ್ಪರ್ಧೆ ಇಟ್ಟವರಿಗೆ

ಸಮುದ್ರಕ್ಕೂ ಸುತ್ತೋಲೆ ಹೊರಡಿಸಬಹುದೆಂದು ನಂಬಿರುವ, ದ್ವೀಪರಾಷ್ಟ್ರಗಳ ಕ್ರೀಡಾಕೂಟ ಸಮಿತಿಯ ಮುಖ್ಯಾಧಿಕಾರಿಗಳೇ,

ತಾವು ಸಹಿ ಹಾಕಿ ಹೊರತಂದ ವರದಿಯನ್ನು ಓದಿದೆ. ಬಣ್ಣದ ಚಿತ್ರಗಳು ಚೆನ್ನಾಗಿವೆ. ಹೆಚ್ಚಿನವುಗಳಲ್ಲಿ ತಾವೇ ಇದ್ದೀರಿ. ನಲವತ್ತೊಂದನೆಯ ಪುಟದಲ್ಲಿ ಒಂದು ವಾಕ್ಯವಿದೆ: ‘ಆತಿಥೇಯ ಮಹಿಳಾ ತಂಡದ ಅಭ್ಯಾಸದ ಕೊರತೆ ಹಾಗೂ ಸಮುದ್ರಜ್ಞಾನದ ಅಭಾವದಿಂದ ದೋಣಿ ಸ್ಪರ್ಧೆ ಅಪೂರ್ಣಗೊಂಡಿತು.’ ಈ ವಾಕ್ಯ ಸುಳ್ಳು. ಸುಳ್ಳೆಂದು ತಮಗೆ ಗೊತ್ತು. ತಮಗೆ ಗೊತ್ತಿದೆಯೆಂದು ನಾನು ಹೇಗೆ ಹೇಳಬಲ್ಲೆ ಎಂದರೆ, ಮೊದಲೇ ಬಂದು ತಮಗೆ ತಿಳಿಸಿದವನು ನಾನೇ.

ಬಂದರು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಭರತ ಇಳಿತಗಳ ಲೆಕ್ಕ ಬರೆದವನು ನಾನು. ತಮ್ಮ ವೇಳಾಪಟ್ಟಿ ಪ್ರಕಟವಾದ ದಿನವೇ ಅದನ್ನು ನನ್ನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದೆ. ಅಮಾವಾಸ್ಯೆಯ ಮರುದಿನ, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ದೋಣಿ ಸ್ಪರ್ಧೆ. ಆ ಹೊತ್ತಿಗೆ ತಮ್ಮ ವೇದಿಕೆಯ ಮುಂದಿನ ಒಳಗಡಲಿನಲ್ಲಿ ಹವಳದ ಬಂಡೆ ಬಿಸಿಲು ಕಾಯಿಸಿಕೊಳ್ಳುತ್ತಿರುತ್ತದೆ. ಕಾಗದ ಹಿಡಿದು ತಮ್ಮ ಕಚೇರಿಗೆ ಓಡಿಬಂದೆ. ನೆನಪಿದೆಯೇ?

“ಸಾರ್, ಹನ್ನೊಂದಕ್ಕೆ ಅಲ್ಲಿ ನೀರೇ ಇರಲ್ಲ. ಏಡಿ ಓಡಾಡ್ತಿರ್ತವೆ. ಸಂಜೆ ಐದಕ್ಕೆ ಇಡಿ, ತುಂಬಿ ತುಳುಕ್ತಿರುತ್ತೆ.”

“ಮುಖ್ಯ ಅತಿಥಿಗಳ ವಿಮಾನ ಒಂದೂವರೆಗೆ ಹೊರಡುತ್ತೆ, ಬೌರೊ. ಅವ್ರಿಲ್ದೆ ಸ್ಪರ್ಧೆ ಮಾಡಿ ಯಾರಿಗ್ ತೋರ್ಸೋದು?”

“ಹಂಗಾದ್ರೆ ಜಾಗ ಬದಲಾಯ್ಸಿ. ಹಡಗುಕಟ್ಟೆ ಹತ್ರ ಆಳ ಇದೆ.”

“ವೇದಿಕೆ ಕಟ್ಟಾಗಿದೆಯಲ್ಲ! ಸ್ವಲ್ಪ ಹೊಂದಾಣಿಕೆ ಮಾಡ್ಕೋಬೇಕಪ್ಪ.”

“ಯಾರು ಸಾರ್? ಸಮುದ್ರಾನಾ?”

ತಾವು ನಗಲಿಲ್ಲ. ನನ್ನ ಕಾಗದದ ಮೇಲೆ ‘ಪರಿಶೀಲಿಸಿ’ ಎಂದು ಬರೆದು ಪಕ್ಕಕ್ಕಿಟ್ಟಿರಿ. ಅದನ್ನು ಯಾರು ಪರಿಶೀಲಿಸಿದರು? ಹೊತ್ತಿಗೆ ಸರಿಯಾಗಿ ಸಮುದ್ರವೇ ಪರಿಶೀಲಿಸಿತು.

ಈಗ ತಾವು ‘ಸಮುದ್ರಜ್ಞಾನದ ಅಭಾವ’ ಎಂದು ಬರೆದ ತಂಡದ ನಾಯಕಿಯ ವಿಷಯ. ತೆರೆತಿಯಾಗೆ ಐವತ್ತೊಂದು ವರ್ಷ. ಊರು ಬಿಕೆನಿಮರಾ, ಇಲ್ಲಿಂದ ಎರಡು ದಿನದ ಪ್ರಯಾಣದ ಹೊರದ್ವೀಪ. ಗಂಡ ತೀರಿಕೊಂಡ ಮೇಲೆ ಬಂಡೆಯಾಚೆ ಒಬ್ಬಳೇ ದೋಣಿ ಹಾಕಿ ಮೀನು ತಂದು ಮನೆ ನಡೆಸಿದವಳು. ಸ್ಪರ್ಧೆಗೆಂದು ಅವಳ ಅಣ್ಣ ಉರಿಯಾಮ್ ದೀವಿಹಲಸಿನ ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು, ಒಂದೂ ಮೊಳೆಯಿಲ್ಲದೆ, ಹದಿನಾಲ್ಕು ತಿಂಗಳು ಕೂತು ಒಂದು ದೋಣಿ ಮಾಡಿದ. ತೆರೆತಿಯಾ ಸೇರಿ ಆರು ಜನ ಹೆಂಗಸರು, ಜೊತೆಗೆ ಉರಿಯಾಮ್, ಆ ದೋಣಿಯೊಂದಿಗೆ ಸರಕಿನ ಹಡಗಿನಲ್ಲಿ ಕೂತು ಬಂದರು. ದಾರಿಯುದ್ದಕ್ಕೂ ತೆರೆತಿಯಾ ಅದರ ಹಲಗೆಗಳ ಮೇಲೆ ಒದ್ದೆ ಗೋಣಿ ಹಾಸುತ್ತಲೇ ಇದ್ದಳಂತೆ, ಬಿಸಿಲಿಗೆ ಬಿರಿಯದಿರಲೆಂದು.

ಆ ಗುರುವಾರ ನೀರು ನೋಡಿದೊಡನೆ ಪರದೇಶದ ತಂಡಗಳು ದೋಣಿ ಇಳಿಸಲು ಒಪ್ಪಲಿಲ್ಲ. ತಮ್ಮಿಂದ ಆಜ್ಞೆ ಬಂತು: ಆತಿಥೇಯರಾದರೂ ಇಳಿಯಲೇಬೇಕು, ಇಲ್ಲದಿದ್ದರೆ ತಂಡ ಅನರ್ಹ.

ತೆರೆತಿಯಾ ಸೊಂಟದ ಮೇಲೆ ಕೈಯಿಟ್ಟು ತೀರ್ಪುಗಾರನನ್ನು ಕೇಳಿದಳು: “ನೀರೆಲ್ಲಿದೆಯಪ್ಪಾ?”

“ನಂಗೊತ್ತಿಲ್ಲಕ್ಕ. ಪಟ್ಟೀಲಿ ಹನ್ನೊಂದು ಅಂತ ಬರ್ದಿದೆ.”

“ಪಟ್ಟಿ ಮೇಲೆ ದೋಣಿ ಓಡ್ಸ್ಲಾ?”

ಜನ ಗೊಳ್ಳೆಂದು ನಕ್ಕರು. ಗುಂಡು ಹಾರಿತು. ದಡದ ಬಳಿಯ ತಗ್ಗಿನಲ್ಲಿ ಉಳಿದಿದ್ದ ಮೊಣಕಾಲುದ್ದದ ನೀರಿನಲ್ಲಿ ನಲವತ್ತು ಸಲ ಹುಟ್ಟು ಹಾಕಿದ್ದರೋ ಇಲ್ಲವೋ, ಬಂಡೆ ದೋಣಿಯ ತಳವನ್ನು ಕೆರೆಯುವ ಸದ್ದು ದಡಕ್ಕೆ ಕೇಳಿಸಿತು. ಉರಿಯಾಮ್ ನನ್ನ ಪಕ್ಕದಲ್ಲೇ ನಿಂತಿದ್ದ. “ಹೊಲಿಗೆ ಹೋಯ್ತು” ಎಂದಷ್ಟೇ ಅಂದು ಕೂತುಬಿಟ್ಟ. ಹೆಂಗಸರು ಕೆಳಗಿಳಿದರು. ತೆರೆತಿಯಾ ಏನೋ ಕೂಗಿದಳು. ಆರೂ ಜನ ದೋಣಿಯನ್ನು ಹೆಗಲಿಗೇರಿಸಿ, ಬರಿಗಾಲಿನಲ್ಲಿ, ಕತ್ತಿಯಂಥ ಹವಳದ ಮೇಲೆ ಮುನ್ನೂರು ಹೆಜ್ಜೆ ಆಚೆಯ ನೀರಿನತ್ತ ನಡೆಯತೊಡಗಿದರು.

ಆಗ ತಮ್ಮ ನಿರೂಪಕರು ಧ್ವನಿವರ್ಧಕದಲ್ಲಿ ಏನೆಂದರು? “ಇದೀಗ ನಮ್ಮ ಪುರಾತನ ದೋಣಿ ಹೊರುವ ಆಚರಣೆ!” ಮುಖ್ಯ ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಪಕ್ಕದಲ್ಲಿ ತಾವೂ ತಟ್ಟಿದಿರಿ. ಹೆಂಗಸರ ಕಾಲಿನ ರಕ್ತ ಬಂಡೆಯ ಮೇಲೆ ಗೆರೆ ಎಳೆಯುತ್ತಿದ್ದಾಗ ಚಪ್ಪಾಳೆ ತಟ್ಟಲು ಎಷ್ಟು ವರ್ಷದ ಸೇವಾನುಭವ ಬೇಕು, ಸ್ವಾಮಿ? ಅರ್ಧ ದಾರಿಯಲ್ಲಿ ತೆರೆತಿಯಾ ಜಾರಿದಳು. ಅವಳ ಎಡಗಾಲು ಬಂಡೆಯ ಸಂದಿಗೆ ಹೋಯಿತು. ಹೇಗೋ ಕಾಲು ಕಿತ್ತುಕೊಂಡು ಎದ್ದಳು. ದೋಣಿಯನ್ನು ಮಾತ್ರ ಕೆಳಗೆ ಬಿಡಲಿಲ್ಲ. ಆಳದ ನೀರು ಮುಟ್ಟಿ, ಒಡೆದ ದೋಣಿಯಿಂದ ಇಬ್ಬರು ನೀರು ಎತ್ತಿಹಾಕುತ್ತಾ ನಾಲ್ವರು ಹುಟ್ಟು ಹಾಕಿ ಕೊನೆಯ ಗೆರೆ ದಾಟಿದರು. ಅಷ್ಟು ಹೊತ್ತಿಗೆ ವೇದಿಕೆ ಖಾಲಿಯಾಗಿತ್ತು. ದೋಣಿಯಿಂದ ಕೆಳಗಿಳಿದದ್ದಕ್ಕಾಗಿ ತಂಡ ಅನರ್ಹವೆಂದು ಒಂದು ಚೀಟಿ ಬಂತು.

ಹವಳದ ಗಾಯ ಕೀವಾಗಿ, ಒಂಬತ್ತನೆಯ ದಿನ ಆಸ್ಪತ್ರೆಯಲ್ಲಿ ಅವಳ ಎರಡು ಕಾಲ್ಬೆರಳು ತೆಗೆದರು. ತಮ್ಮ ಕಡೆಯಿಂದ ಯಾರೂ ಬರಲಿಲ್ಲ, ವರದಿ ಬಂತು. ಅವಳು ಕೇಳಿದಳೆಂದು ನಲವತ್ತೊಂದನೆಯ ಪುಟವನ್ನು ನಾನೇ ಓದಿ ಹೇಳಿದೆ. ಗೋಡೆಯ ಕಡೆ ತಿರುಗಿಕೊಂಡಳು.

“ಬೆರಳಿಗೆ ಅಳಲ್ಲ ಬೌರೊ ಅಣ್ಣಾ,” ಎಂದಳು. “ನೀರು ಗೊತ್ತಿಲ್ಲದವ್ಳು ಅಂತ ಬರ್ದವ್ರಲ್ಲ. ನಮ್ಮೂರಲ್ಲಿ ಹುಡ್ಗೀರಿಗೆ ದೋಣಿ ಕಲ್ಸೋಳು ನಾನು. ಇನ್ಮೇಲೆ ಯಾವ ತಾಯಿ ನನ್ ಜೊತೆ ಮಗಳ್ನ ಕಳಿಸ್ತಾಳೆ?”

ಕಳೆದ ವಾರ ಕೋಲೂರಿಕೊಂಡು ಹಡಗು ಹತ್ತಿದಳು; ತಮ್ಮ ವರದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಅವಳು ಹೆದರಿದ್ದಂತೆಯೇ ಆಗಿದೆ: ಮತ್ತೆ ದೋಣಿ ಕಲಿಸಲು ಕೂತ ಮೊದಲ ದಿನ ಅವಳ ಬಳಿ ಬಂದವರು ಯಾರೂ ಇಲ್ಲವೆಂದು ಉರಿಯಾಮ್ ರೇಡಿಯೋದಲ್ಲಿ ತಿಳಿಸಿದ.

ಆದ್ದರಿಂದ ಪರಿಹಾರ, ಪದಕ, ಸನ್ಮಾನ ಯಾವುದನ್ನೂ ನಾನು ಕೇಳುತ್ತಿಲ್ಲ. ತಮ್ಮ ಶಾಲು ತಮ್ಮ ಹೆಗಲ ಮೇಲೇ ಇರಲಿ. ಆ ವಾಕ್ಯವನ್ನು ವರದಿಯಿಂದ ಹೊಡೆದುಹಾಕಿ. ಅದರ ಜಾಗದಲ್ಲಿ ಅಂದಿನ ಹೊತ್ತು, ನೀರಿನ ಆಳ, ಎಚ್ಚರಿಕೆ ಕೊಟ್ಟ ದಿನಾಂಕ, ಅದನ್ನು ಕಡೆಗಣಿಸಿದ ಅಧಿಕಾರಿಯ ಹುದ್ದೆ, ಇಷ್ಟನ್ನು ಬರೆಯಿರಿ. ಆಮೇಲೆ ಹಡಗು ಹತ್ತಿ ಬಿಕೆನಿಮರಾಕ್ಕೆ ಹೋಗಿ, ಅಲ್ಲಿನ ಊರಸಭೆಯ ಚಪ್ಪರದ ಕೆಳಗೆ, ಎಲ್ಲರಂತೆ ಕೇದಗೆ ಚಾಪೆಯ ಮೇಲೆ ಕೂತು, ಆ ಹುಡುಗಿಯರ ತಾಯಂದಿರ ಎದುರು ಅದನ್ನು ತಾವೇ ಗಟ್ಟಿಯಾಗಿ ಓದಬೇಕು. ಧ್ವನಿವರ್ಧಕ ಬೇಡ.

ಇಂತಿ,
ಒಂದು ಕಾಗದ ಕೊಟ್ಟು ಕರ್ತವ್ಯ ಮುಗಿಯಿತೆಂದುಕೊಂಡು, ಆ ದಿನ ದಡದಲ್ಲಿ ಸುಮ್ಮನೆ ನಿಂತಿದ್ದ
ಬೌರೊ
ಬಂದರು ಕಚೇರಿಯ ನಿವೃತ್ತ ನೌಕರ