ನಕ್ಷೆಯಂತೆ ತುಂಬಲಾಗಿದೆ

ಗಣಿ ಕಾಲೊನಿ, ಮನೆ ನಂಬರ್ ೧೭
ಗುರುವಾರ, ನವೆಂಬರ್ ೧೪, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ನಾದಿನಿಯ ಕಾಲಿನ ಪ್ಲಾಸ್ಟರ್ ಬಿಚ್ಚಲು ಇನ್ನೆಷ್ಟು ದಿನ ಅಂದರು ಡಾಕ್ಟರು? ಅವಳ ಮನೆಯ ಮೂರು ಮಹಡಿಯನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತೀರಂತೆ, ಇವರು ಹೇಳಿದರು. ಮನೆಯಲ್ಲಿ ಒಂದು ಕಾಲು ಮುರಿದದ್ದು ಸಾಕು, ನಿಮ್ಮ ಎರಡನ್ನೂ ಸವೆಸಬೇಡಿ. ಕಿವಿಯ ಯಂತ್ರವನ್ನು ಅದರ ಡಬ್ಬಿಯಲ್ಲೇ ಜೋಪಾನವಾಗಿ ಇಟ್ಟಿದ್ದೀರಿ ಎಂದೂ ಗೊತ್ತಾಯಿತು. ಡಬ್ಬಿಗೆ ಕಿವಿ ಕೇಳಿಸಿ ಏನಾಗಬೇಕು ಅತ್ತೆ? ಹಾಕಿಕೊಳ್ಳಿ.

ನಿಮ್ಮ ಇಲಿಮರಿಗೆ ಮೊನ್ನೆಗೆ ಏಳು ತಿಂಗಳು ತುಂಬಿತು. ಕೆಳಗೆ ಎರಡು ಹಲ್ಲು ಇಣುಕಿವೆ. ಅದರ ಜಂಬ ಎಷ್ಟೆಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚಿ ಪರೀಕ್ಷೆ ಮಾಡುತ್ತಾಳೆ. ನನ್ನ ಹೆಲ್ಮೆಟ್ಟಿನ ಪಟ್ಟಿಗಂತೂ ಉಳಿಗಾಲವಿಲ್ಲ. ನಿದ್ದೆ ಮಾತ್ರ ಈ ಮನೆಯ ಮೇಲೆ ಮುನಿಸಿಕೊಂಡಿದೆ. ಅವಳು ಹಲ್ಲಿಗಾಗಿ ಏಳುತ್ತಾಳೆ, ನಾನು ಅವಳಿಗಾಗಿ ಏಳುತ್ತೇನೆ, ಅವಳು ಮಲಗಿದ ಮೇಲೆ ನಾನು ಬಂಡೆಗೆ ಕೊರೆಯುವ ಮದ್ದಿನ ಕುಳಿಗಳ ಲೆಕ್ಕಕ್ಕಾಗಿ ಎದ್ದಿರುತ್ತೇನೆ. ಮೊನ್ನೆ ಹಾಲು ಕಾಯಿಸಲು ಇಟ್ಟು ಪಾತ್ರೆಯ ಮುಂದೆಯೇ ನಿಂತಿದ್ದೆ, ಆದರೂ ಉಕ್ಕಿ ಹೋಯಿತು. ನೀವಿದ್ದಿದ್ದರೆ "ಕಣ್ಣು ತೆರೆದುಕೊಂಡೇ ಮಲಗೋ ವಿದ್ಯೆ ಯಾರು ಕಲಿಸಿದ್ರೇ ನಿಂಗೆ" ಎಂದು ನಗುತ್ತಿದ್ದಿರಿ.

ಫೋನು ಮಾಡದೆ ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದು ನಿಮಗೆ ಅನುಮಾನ ಬಂದೇ ಇರುತ್ತದೆ. ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ನಾದಿನಿ ನಿಮ್ಮ ಪಕ್ಕ ಕೂತು ಕಿರುಚಬೇಕಾಗುತ್ತದೆ. ಇದು ಮೂರು ಮಹಡಿಗೂ ಕೇಳುವಂತೆ ಕಿರುಚುವ ವಿಷಯವಲ್ಲ. ನಿಮ್ಮ ಮಗನ ಕೆಲಸದ ವಿಷಯ, ನನ್ನ ಕೆಲಸದ ವಿಷಯ. ಹೆದರಬೇಡಿ, ಯಾರಿಗೂ ಏನೂ ಆಗಿಲ್ಲ. ಇಬ್ಬರ ಕೈಕಾಲೂ ನೆಟ್ಟಗಿವೆ. ಆಗಬಾರದು ಎಂಬುದೇ ನನ್ನ ತಳಮಳ.

ನೀವು ಹೊರಟ ಮೇಲೆ ಗಣಿಯ ಪೂರ್ವದ ಕಡೆ ಕೆಲಸ ಶುರುವಾಯಿತು. ಕಾಲೊನಿಗೆ ಮುನ್ನೂರು ಮೀಟರೂ ಇಲ್ಲ. ಮೊದಲ ಎರಡು ಸ್ಫೋಟಕ್ಕೆ ನಮ್ಮ ಅಡುಗೆಮನೆಯ ಲೋಟಗಳು ಹಲಗೆಯಿಂದ ಕೆಳಗಿಳಿದವು, ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬಿತ್ತು. ಅದರ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಹಾಕಿಟ್ಟಿದ್ದೇನೆ. ಸಾಲದ್ದಕ್ಕೆ ಉರುಳಿದ ಬಂಡೆಗಳು ಒಂದೊಂದೂ ಎಮ್ಮೆಗಾತ್ರ. ಅವನ್ನು ಮತ್ತೆ ಒಡೆಯಬೇಕು, ಮತ್ತೆ ಸದ್ದು. ಕೆಲಸಕ್ಕೆ ಮರಳಿದ ವಾರದಲ್ಲೇ ಸ್ಫೋಟಕ್ಕೆ ಹೊಸ ನಕ್ಷೆ ಬರೆಯಿರಿ ಎಂದು ಮ್ಯಾನೇಜರು ನನ್ನ ಮುಂದೆ ಕಾಗದ ಹರವಿದರು. ಅದೇ ನಮ್ಮ ಗಡಿಬಿಡಿ ಸಾಹೇಬರು, ಕುರ್ಚಿಗೂ ಅವರಿಗೂ ಆಗಿಬರುವುದಿಲ್ಲ. ನಾನು ಬರೆದೆ. ಮಗುವಿಗೆ ಹಾಲು ಕೊಡುತ್ತ ಒಂದು ಕೈಯಲ್ಲಿ ಲೆಕ್ಕ ಹಾಕಿದೆ. ಅಗಲದ ಕುಳಿಗಳ ಬದಲು ಸಣ್ಣವು, ಸ್ವಲ್ಪ ಹತ್ತಿರ ಹತ್ತಿರ. ಒಂದು ಸಾಲು ಒಟ್ಟಿಗೆ ಹಾರುವ ಬದಲು ಒಂದೊಂದೇ ಕುಳಿ, ಕಣ್ಣು ಮಿಟುಕಿಸುವಷ್ಟೂ ಅಲ್ಲದ ಅಂತರದಲ್ಲಿ. ಕಲ್ಲು ಕಾಲೊನಿಯ ಕಡೆ ಅಲ್ಲ, ಹಳ್ಳದ ಕಡೆಗೆ ಬೀಳುವಂತೆ ದಿಕ್ಕು.

ನಕ್ಷೆ ನನ್ನದು, ಮದ್ದು ತುಂಬಿ ಸಿಡಿಸುವ ಬ್ಲಾಸ್ಟರು ನಿಮ್ಮ ಮಗ, ಐದು ಸ್ಫೋಟಗಳಾದವು. ಲೋಟ ಅಲುಗಲಿಲ್ಲ. ಬಿರುಕು ಪೆನ್ಸಿಲ್ ಗೆರೆ ದಾಟಲಿಲ್ಲ. ಕಲ್ಲುಗಳು ತೆಂಗಿನಕಾಯಿ, ಕೊಡ, ಅಷ್ಟೇ ಗಾತ್ರ. ಎಕ್ಸ್‌ಕವೇಟರ್ ಓಡಿಸುವ ದೊಡ್ಡ ಹೊಟ್ಟೆಯ ಅಣ್ಣ ನಾಲ್ಕನೆಯದಾದ ಮೇಲೆ ಎಲ್ಲರೆದುರು "ಏನಮ್ಮಾ ಇದು, ಕಲ್ಲು ಅಂದ್ರೆ ಪುರಿ ಥರ ಏಳುತ್ತೆ, ನನ್ನ ಮೆಶೀನಿಗೆ ಮರ್ಯಾದೆನೇ ಇಲ್ವಲ್ಲ" ಅಂದರು. ಅತ್ತೆ, ನಿಮ್ಮೆದುರು ಮುಚ್ಚಿಡುವುದೇನು, ಹೆರಿಗೆಯಾದ ಮೇಲೆ ಮೊದಲ ಸಲ ನನ್ನ ತಲೆ ಇನ್ನೂ ನನ್ನದೇ ಅನಿಸಿತು. ಮನೆಗೆ ಬಂದು ಇಲಿಮರಿಯನ್ನೆತ್ತಿ ಕುಣಿದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತ ನಕ್ಕರು. ಆ ನಗುವಿನಲ್ಲಿ ಏನೋ ಇತ್ತು, ಆಗ ನನಗೆ ಕಾಣಲಿಲ್ಲ.

ಐದನೆಯ ಸ್ಫೋಟದ ಹಿಂದಿನ ದಿನ ಇಲಿಮರಿಗೆ ಜ್ವರ. ಮುಂದಿನ ಸಾಲಿನ ಪ್ರತಿ ಕುಳಿಯ ಎದುರಿಗೂ ಬಂಡೆ ಎಷ್ಟು ದಪ್ಪ ಉಳಿದಿದೆ ಎಂದು ಕೆಳಗೆ ನಿಂತು ಯಂತ್ರದಿಂದ ಅಳೆಯಬೇಕು. ದಪ್ಪ ಕಡಿಮೆಯಿದ್ದ ಕಡೆ ಮದ್ದು ತುಂಬಿದರೆ ಕಲ್ಲು ಗುಂಡಿನಂತೆ ಹಾರುತ್ತದೆ, ಗಣಿಯಲ್ಲೇ ದುಡಿದ ನಿಮಗೆ ನಾನು ಹೇಳಬೇಕೇ. ಆರನೆಯದನ್ನು ಅಳೆದಿದ್ದೆ, ಅಷ್ಟರಲ್ಲಿ ಪಕ್ಕದ ಮನೆಯವರ ಫೋನು, ಮೈ ಕೆಂಡ ಬನ್ನಿ ಎಂದು. ಏಳನೆಯದಕ್ಕೆ ಆರನೆಯದರ ಅಳತೆಯನ್ನೇ ಬರೆದು ಓಡಿದೆ. ನಾಳೆ ಬೆಳಗ್ಗೆ ಬಂದು ಅಳೆದು ತಿದ್ದಿದರಾಯಿತು ಎಂದುಕೊಂಡಿದ್ದೆ. ಮರೆತೆ. ನಾನು, ಅತ್ತೆ! ಬೇರೆಯವರು ಕಾಲು ಮೀಟರ್ ತಪ್ಪು ಬರೆದರೆ ಮುಖ ಕೆಂಪಗೆ ಮಾಡಿಕೊಳ್ಳುವವಳು.

ನೆನಪಾದದ್ದು ಮರುದಿನ ಮಧ್ಯಾಹ್ನ, ಮೊದಲ ಸೈರನ್ ಕೂಗಿದಾಗ. ಆಫೀಸಿನಿಂದ ಸ್ಫೋಟದ ಬಂಡೆಯವರೆಗೆ ಹೇಗೆ ಓಡಿದೆನೋ ಗೊತ್ತಿಲ್ಲ. ಒಂದು ಕಾಲಿನ ಬೂಟಿನ ದಾರ ಕಟ್ಟಿರಲಿಲ್ಲ. ನಿಮ್ಮ ಮಗ ತಂತಿ ಜೋಡಿಸಿ ಮುಗಿಸಿದ್ದರು. "ಏಳನೇದು! ಏಳನೇದು!" ಎಂದಷ್ಟೇ ಬಾಯಿಂದ ಬಂತು. ಅವರು ತಲೆಯೆತ್ತಿ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅನ್ನುವವರ ಹಾಗೆ, "ಅದಾ? ಬೆಳಗ್ಗೆನೇ ನೋಡ್ದೆ. ಕೆಳಗಡೆ ಎಕ್ಸ್‌ಕವೇಟರ್ ಗೀರಿ ಬಂಡೆ ಹೊಟ್ಟೆ ಒಳಗೆ ಹೋಗಿತ್ತು. ಅಷ್ಟುದ್ದಕ್ಕೆ ಮದ್ದು ಬಿಟ್ಟು ಜಲ್ಲಿ ತುಂಬಿದೀನಿ. ಮೊದ್ಲು ದಾರ ಕಟ್ಕೋ, ಬೀಳ್ತೀಯ" ಅಂದರು. ಅಲ್ಲೇ ಕೂತು ದಾರ ಕಟ್ಟಿಕೊಂಡೆ. ಆಮೇಲೆ, ಯಾಕೋ, ಕೇಳಿದೆ: "ಇದೊಂದೇನಾ?" ಅವರು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡರು. "ಒಂದೆರಡು" ಅಂದರು.

ಒಂದೆರಡಲ್ಲ, ಎಂಟು. ಐದೂ ಸ್ಫೋಟಗಳಲ್ಲಿ. ಮನೆಗೆ ಬಂದು ಪಟ್ಟು ಹಿಡಿದು ಕೂತ ಮೇಲೆ ಒಂದೊಂದಾಗಿ ಬಾಯಿ ಬಿಟ್ಟರು. ನಾನು ಅಳೆದುಹೋದ ಮೇಲೂ ಎಕ್ಸ್‌ಕವೇಟರ್ ಬಂಡೆಯ ಬುಡ ಕೆರೆಯುತ್ತದೆ. ಒಂದೆರಡು ಕಡೆ ಬಂಡೆಯೊಳಗೆ ಮಣ್ಣಿನ ಪದರ ಬರುತ್ತದೆ. ಹಿಂದಿನ ದಿನ ಅಳೆದು ಬರೆದ ನನ್ನ ನಕ್ಷೆಗೆ ಅದಾವುದೂ ಗೊತ್ತಿಲ್ಲ. ಇವರು ಬೆಳಗಿನ ಬೆಳಕಿನಲ್ಲಿ ಕೆಳಗಿಳಿದು ಬಂಡೆಯ ಮುಖವನ್ನು ಒಮ್ಮೆ ಸವರಿ ನೋಡಿ, ಎಲ್ಲಿ ಬೇಕೋ ಅಲ್ಲಿ ಮದ್ದು ಕಡಿಮೆ ಮಾಡಿ, ಫಾರ್ಮಿನ ಕೊನೆಯಲ್ಲಿ "ನಕ್ಷೆಯಂತೆ ತುಂಬಲಾಗಿದೆ" ಎಂಬ ಸಾಲಿನ ಕೆಳಗೆ ಐದು ಸಲವೂ ದುಂಡಗೆ ಸಹಿ ಹಾಕಿದ್ದಾರೆ. ಯಾಕೆ ಹೇಳಲಿಲ್ಲ ಎಂದರೆ, "ನಿದ್ದೆ ಇಲ್ದೆ ಮೊದ್ಲೇ ಅರ್ಧ ಆಗಿದೀಯ. ಎಲ್ರೂ ಹೊಗಳ್ತಿದ್ರು. ನಾನ್ಯಾಕೆ ಮಧ್ಯೆ ಕಲ್ಲು ಹಾಕ್ಲಿ" ಅಂದರು. ಬರೆಯಬೇಕಿತ್ತಲ್ಲ ಎಂದರೆ, "ಫಾರ್ಮಲ್ಲಿ ಜಾಗ ಎಲ್ಲಿದೆ? ಮಾಡಿದ್ದು ನೀನೇ ತಾನೆ" ಅಂದರು. ಎದ್ದು ನೋಡಿದೆ. ಹೌದು ಅತ್ತೆ. ಫಾರ್ಮ್ ನನ್ನದೇ. ಕುಳಿಯ ಆಳಕ್ಕೆ ಜಾಗವಿದೆ, ಅಂತರಕ್ಕೆ ಇದೆ, ಹವಾಮಾನಕ್ಕೂ ಇದೆ. ನಾನು ಬರೆದದ್ದನ್ನು ಇನ್ನೊಬ್ಬರು ಬದಲಾಯಿಸಬೇಕಾಗಿ ಬಂದೀತು ಎಂಬುದಕ್ಕೆ ಒಂದು ಬೆರಳಗಲ ಜಾಗವಿಲ್ಲ.

ಇಷ್ಟೇ ಆಗಿದ್ದರೆ ಗಂಡ ಹೆಂಡತಿ ಜಗಳವಾಡಿ, ಫಾರ್ಮ್ ತಿದ್ದಿ, ಸುಮ್ಮನಾಗುತ್ತಿದ್ದೆವು. ಆದರೆ ಗಡಿಬಿಡಿ ಸಾಹೇಬರು ನನ್ನ ನಕ್ಷೆಯನ್ನು ಹೊಳೆಯಾಚೆಯ ಗಣಿಗೂ ಕಳಿಸಿದ್ದಾರೆ. ಅಲ್ಲಿ ಬರುವ ಸೋಮವಾರ ಮೊದಲ ಸ್ಫೋಟ. ಆ ಬಂಡೆಯ ಎದುರಿಗೇ ಬಸ್ಸು ಓಡಾಡುವ ರಸ್ತೆ. ರಸ್ತೆ ತಡೆಯುತ್ತಾರೆ ನಿಜ, ಆದರೆ ತಡೆಯುವ ದೂರವನ್ನೂ ಲೆಕ್ಕ ಹಾಕಿದವಳು ನಾನೇ, ಅದೇ ಐದು ಸ್ಫೋಟಗಳನ್ನು ನಂಬಿ. ಅಲ್ಲಿನ ಬ್ಲಾಸ್ಟರನ್ನು ನೀವು ಬಲ್ಲಿರಿ, ನಿಮ್ಮ ಜೊತೆಗೇ ಕೆಲಸಕ್ಕೆ ಸೇರಿದ್ದ ಅಳತೆಪಟ್ಟಿ. ಕಾಗದದಲ್ಲಿ ಮೂರು ಮೀಟರ್ ಎಂದಿದ್ದರೆ ಅವರಿಗೆ ಮೂರು ಮೀಟರ್, ಕಣ್ಣೆದುರಿನ ಬಂಡೆ ಒಂದೂವರೆ ಎಂದು ಬಾಯಿಬಿಟ್ಟು ಹೇಳಿದರೂ. ಒಳ್ಳೆಯ ಮನುಷ್ಯ, ತಪ್ಪು ಅವರದಲ್ಲ. ಕಾಗದ ನಂಬಬೇಕಾದದ್ದೇ.

ಇವರು ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. ಮಂಗಳವಾರ ರಜೆ ಹಾಕಿ ಹೊಳೆ ದಾಟಿ ಹೋಗಿ ಅಳತೆಪಟ್ಟಿಗೆ ಎಲ್ಲ ವಿವರಿಸಿ ಬಂದರು. ಟೀ ಕೊಡಿಸಿ ಎಲ್ಲ ಕೇಳಿಸಿಕೊಂಡು ಕೊನೆಗೆ ಅವರು ಅಂದದ್ದು ಇಷ್ಟು: "ಎಲ್ಲ ಸರಿ ಕಣಪ್ಪ, ಕಾಗದದಲ್ಲಿ ಬರಲಿ." ಕಾಗದದಲ್ಲಿ ಬರಬೇಕಾದರೆ, ಐದು ಸಲ ನಕ್ಷೆಯಂತೆ ತುಂಬಿಲ್ಲ ಎಂದು ಒಪ್ಪಬೇಕು. ಒಪ್ಪಿದರೆ ಸುಳ್ಳು ಸಹಿಗೆ ಬ್ಲಾಸ್ಟರನ ಸರ್ಟಿಫಿಕೇಟು ಹೋಗಬಹುದು. ಹನ್ನೊಂದು ವರ್ಷ ಒಂದು ಬೆರಳಿಗೂ ಗಾಯ ಮಾಡದ ಮನುಷ್ಯನ ಸರ್ಟಿಫಿಕೇಟು. "ಸೋಮವಾರ ನಾನೇ ಅಲ್ಲಿ ಹೋಗಿ ನಿಂತ್ಕೋತೀನಿ, ಬಿಡು" ಎಂದು ಇವರು. ಸೋಮವಾರ ನಿಲ್ಲುತ್ತೀರಿ, ಆಮೇಲಿನ ಸೋಮವಾರ? "ಆಮೇಲಿಂದು ಆಮೇಲೆ." ಅಲ್ಲಿಂದ ನಮ್ಮ ಮಾತು ಮಗುವಿನ ಬಟ್ಟೆ, ಹಾಲು, ಬೀಗದ ಕೈ, ಅಷ್ಟಕ್ಕೇ ನಿಂತಿದೆ. ಏನು ಮಾಡಲಿ ಎಂದು ಯೋಚಿಸುತ್ತಿದ್ದೇನೆ.

ಯೋಚಿಸುವಾಗೆಲ್ಲ ನೀವು ಕೆಂಪು ಬಾವುಟ ಹಿಡಿದು ರಸ್ತೆ ಕಾಯುತ್ತಿದ್ದ ಕಾಲದ ಆ ಕಥೆಯೇ ನೆನಪಾಗುತ್ತದೆ. ಬತ್ತಿ ಹಚ್ಚಿ ಓಡುತ್ತಿದ್ದ ದಿನಗಳು, ಒಂದೊಂದು ಕುಳಿಯ ಸದ್ದನ್ನೂ ಬೇರೆಬೇರೆ ಎಣಿಸಬಹುದಾಗಿತ್ತು. ಬ್ಲಾಸ್ಟರ್ ಆ ಕಡೆ, ನೀವು ಈ ಕಡೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕೇಳಿಸದಷ್ಟು ದೂರ. ಎಣಿಸಿದ್ದನ್ನು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು, ಎದುರಾದಾಗ ಇಬ್ಬರೂ ಒಟ್ಟಿಗೆ ಕೈ ತೆರೆಯಬೇಕು. ಎರಡೂ ಒಂದೇ ಇದ್ದರೆ ಬಾವುಟ ಇಳಿಯಬೇಕು. ಒಂದು ದಿನ ಅವರ ಅಂಗೈಯಲ್ಲಿ ಹನ್ನೆರಡು, ನಿಮ್ಮದರಲ್ಲಿ ಹನ್ನೊಂದು. "ನಿದ್ದೆ ಹೊಡೀತಿದ್ಯೇನಮ್ಮಾ" ಎಂದು ಅವರು ಗದರಿದರು, ಲಾರಿಯವರು ಹಾರ್ನ್ ಹೊಡೆದರು, ಬೈದರು, ನೀವು ಅರ್ಧ ಗಂಟೆ ಬಾವುಟ ಇಳಿಸಲಿಲ್ಲ. ಕೊನೆಗೆ ಹನ್ನೆರಡನೆಯದು ಸಿಡಿಯದೆ ಕಲ್ಲಿನ ಕೆಳಗೆ ಸಿಕ್ಕಿತು. ಈ ಕಥೆಯನ್ನು ನೀವು ನನಗೆ ಎಷ್ಟು ಸಲ ಹೇಳಿಲ್ಲ! ಪ್ರತಿಸಲವೂ ಲಾರಿಗಳ ಸಂಖ್ಯೆ ಒಂದೆರಡು ಏರುತ್ತಿತ್ತು, ನಾನು ಒಳಗೊಳಗೇ ನಗುತ್ತಿದ್ದೆ. ಈಗ ನಗು ಬರುತ್ತಿಲ್ಲ.

ಆರೋಗ್ಯ ನೋಡಿಕೊಳ್ಳಿ. ನಾದಿನಿಗೆ ಕಾಲು ನೆಲಕ್ಕಿಡಲು ಅವಸರ ಬೇಡ ಅನ್ನಿ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ, ಈ ವಾರ ಸ್ವಲ್ಪ ಹೆಚ್ಚಾಗಿಯೇ ಇರಲಿ. ಇಲಿಮರಿಯ ಎರಡು ಹಲ್ಲಿನ ಮುತ್ತುಗಳನ್ನು ಕಾಗದದ ಮೂಲೆಯಲ್ಲಿ ಕಳಿಸಿದ್ದೇನೆ. ಒದ್ದೆಯಾಗಿ ಶಾಯಿ ಹರಡಿದ್ದು ಅದಕ್ಕೇ.

ನಿಮ್ಮ ನಿದ್ದೆಗೇಡಿ ಸೊಸೆ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಮಗು ಎದ್ದಿದ್ದಾಳೆ, ಒಂದೇ ಕೈಯಲ್ಲಿ ಗೀಚುತ್ತಿದ್ದೇನೆ. ಮೇಲೆ 'ಯೋಚಿಸುತ್ತಿದ್ದೇನೆ' ಎಂದದ್ದು ಸುಳ್ಳು ಅತ್ತೆ. ಇವತ್ತು ಬೆಳಗ್ಗೆ ಹತ್ತಕ್ಕೇ ಎರಡು ಹಾಳೆ ಬರೆದು ಗಡಿಬಿಡಿ ಸಾಹೇಬರ ಕೈಗೆ ಕೊಟ್ಟು, ಅರ್ಧ ದಿನ ರಜೆ ಹಾಕಿ ಬಂದೆ. ಮೊದಲ ಹಾಳೆಯಲ್ಲಿ ನಾನು ಅಳೆಯದೆ ಬರೆದ ಏಳನೆಯ ಕುಳಿ. ಎರಡನೆಯದರಲ್ಲಿ ಇವರು ಜಲ್ಲಿ ತುಂಬಿದ ಎಂಟೂ, ತಾರೀಖಿನ ಸಮೇತ. ಸಾಹೇಬರು ಓದುತ್ತ ಓದುತ್ತ ಕುರ್ಚಿಯಲ್ಲಿ ಕೂತುಬಿಟ್ಟರು. "ಸೋಮವಾರದ್ದು ನಿಲ್ಲಿಸ್ತೀನಿ. ಆದ್ರೆ ನಿಮ್ಮ ಯಜಮಾನ್ರನ್ನ ಕರೆಸಬೇಕಾಗುತ್ತಮ್ಮಾ" ಅಂದರು. ಇವರಿಗೆ ಇನ್ನೂ ಗೊತ್ತಿಲ್ಲ. ಐದಕ್ಕೆ ಮನೆಗೆ ಬರುತ್ತಾರೆ, ಬೂಟು ಬಿಚ್ಚುವ ಮೊದಲು ನಾನೇ ಹೇಳುತ್ತೇನೆ. ಕಾಗದ ನಿಮಗೆ ಸಿಗುವುದು ಶನಿವಾರ. ಹೆತ್ತ ಮಗನ ಮೇಲೆ ಸೊಸೆ ಹೀಗೆ ಬರೆದುಕೊಟ್ಟಳೆಂದು ನಿಮಗೆ ಸಿಟ್ಟು ಬಂದರೆ ಬರಲಿ, ಆದರೂ ಬನ್ನಿ. ಮಗು ನೋಡಿಕೊಳ್ಳಲು ಅಲ್ಲ. ಆ ಅರ್ಧ ಗಂಟೆ ನಿಮ್ಮ ಪಕ್ಕ ಒಬ್ಬರೂ ಬಂದು ನಿಲ್ಲಲಿಲ್ಲ ಎಂದು ಒಂದೇ ಒಂದು ಸಲ ಹೇಳಿದ್ದಿರಿ, ಲಾರಿಗಳನ್ನು ಎಣಿಸುವುದು ಬಿಟ್ಟು. ನಿಮ್ಮ ಮಗನ ಪಕ್ಕ ನಿಂತರೂ ಸರಿ, ನನ್ನ ಪಕ್ಕ ನಿಂತರೂ ಸರಿ. ಬನ್ನಿ.