ಡೋಲು ಹೊಡೆಸಿ ತಂದ ಸೊಸೆ

ಕೊರ್ಚಾ
೧೨ ಮೇ ೨೦೦೩

ಪ್ರೀತಿಯ ಲಿರಿ ಅಕ್ಕನಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತ ಈ ಸೋಮಾರಿ ತಂಗಿಯನ್ನು ಬೈದುಕೊಂಡಿರುತ್ತೀಯ. ಬೈ, ಬೇಸರವಿಲ್ಲ. ನಾನು ಆರೋಗ್ಯವಾಗಿದ್ದೇನೆ, ಚಳಿಗಾಲದ ಕೆಮ್ಮು ಹೋಯಿತು. ನೀನು, ಭಾವ, ಮಕ್ಕಳು ಹೇಗಿದ್ದೀರಿ? ಗ್ರೀಸಿನವರು ನಿನ್ನ ವಾಸದ ಪರವಾನಗಿ ಕೊಟ್ಟರೋ, ಇನ್ನೂ ನಾಳೆ ಬಾ ಎನ್ನುತ್ತಲೇ ಇದ್ದಾರೋ? ಅದಿಲ್ಲದೆ ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲವೆಂದು ನಿನಗೆ ನನ್ನ ದಿಬ್ಬಣಕ್ಕೂ ಬರಲಾಗಲಿಲ್ಲ.

ನೀನು ಫೋನ್ ಮಾಡಿ "ವೀಸಾ ಏನಾಯ್ತೇ?" ಎಂದು ಕೇಳಿದಾಗಲೆಲ್ಲ "ಬರುತ್ತೆ ಬರುತ್ತೆ" ಎಂದುಬಿಡುತ್ತಿದ್ದೆ. ಫೋನ್ ಇರುವುದು ಅಡುಗೆಮನೆಯಲ್ಲಿ, ಅತ್ತೆ ಇರುವುದೂ ಅಲ್ಲೇ. ಅದಕ್ಕೇ ಬರೆದು ಹೇಳುತ್ತಿದ್ದೇನೆ. ವೀಸಾ ಸಿಗಲಿಲ್ಲ ಅಕ್ಕ. ಚಳಿಗಾಲದಲ್ಲೇ ಇಲ್ಲವೆಂದರು. ಏನು ನಡೆಯಿತೆಂದು ಮೊದಲಿನಿಂದ ಹೇಳುತ್ತೇನೆ, ನೀನು ಯಾವುದನ್ನೂ ಕಣ್ಣಾರೆ ಕಂಡಿಲ್ಲವಲ್ಲ.

ಗ್ರಾಮೋಜ್ ಅಮೆರಿಕದ ಪೌರನಾದ ಮೇಲೆ ನಮಗೆ ಎರಡು ದಾರಿ ಇದ್ದವು. ಇಲ್ಲೇ ಮದುವೆಯಾಗಿ ಹೆಂಡತಿ ಎಂದು ನನ್ನನ್ನು ಕರೆಸಿಕೊಳ್ಳುವುದು ಒಂದು. ಇಲ್ಲಿ ಬರೀ ನಿಶ್ಚಿತಾರ್ಥ ಮಾಡಿಕೊಂಡು, ನಿಶ್ಚಯವಾದ ಹುಡುಗಿ ಎಂದು ಕರೆಸಿಕೊಂಡು, ಅಲ್ಲಿ ಇಳಿದು ಮೂರು ತಿಂಗಳೊಳಗೆ ಮದುವೆಯಾಗುವುದು ಇನ್ನೊಂದು. ಎರಡನೆಯದು ಬೇಗ ಆಗುತ್ತದೆಂದು ಅವನ ವಕೀಲ ಹೇಳಿದ. ಬೇಗ ಎಂದರೆ ಯಾರಿಗೆ ಬೇಡ? ನಾನೂ ಕುಣಿದೆ. ವಕೀಲ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದ. ಪುರಸಭೆಗೆ ಹೋಗಿ ಮದುವೆಯ ಸಹಿ ಹಾಕಬೇಡಿ, ಚರ್ಚಿನಲ್ಲಿ ಮದುವೆಯ ಕಿರೀಟ ಇಡಿಸಬೇಡಿ.

ಇದನ್ನು ಕೇಳಿ ಪೊಲಿಕ್ಸೆನಿ ಅತ್ತೆ ಕೈಲಿದ್ದ ಕಾಫಿ ಲೋಟವನ್ನು ಟಪ್ಪೆಂದು ಇಟ್ಟರು. "ವಕೀಲ ಏನಂದ? ಪುರಸಭೆ ಬೇಡ ಅಂದ, ಚರ್ಚು ಬೇಡ ಅಂದ. ಸರಿ. ಡೋಲು ಬೇಡ ಅಂದ್ನಾ? ಅನ್ಲಿಲ್ವಲ್ಲ! ನಂಗಿರೋನು ಒಬ್ಬನೇ ಮಗ. ಅವನ ಹೆಂಡ್ತೀನ ಕಳ್ಳಮಾಲು ಥರ ವಿಮಾನಕ್ಕೆ ತುಂಬಿ ಕಳಿಸ್ಲಾ?" ಎಂದರು. ಅಪ್ಪನಿಗೂ ಅದೇ ಬೇಕಿತ್ತು. ಆಗಸ್ಟಿನಲ್ಲಿ ಗ್ರಾಮೋಜ್ ಬಂದಾಗ ಅವರ ಕಡೆಯವರು ಕಾರುಗಳ ಸಾಲಿನಲ್ಲಿ ಹಾರನ್ ಹೊಡೆಯುತ್ತ ನಮ್ಮೂರು ಬೊಬೊಷ್ಟಿತ್ಸಾಕ್ಕೆ ಬಂದರು. ಡೋಲು, ಕ್ಲಾರಿನೆಟ್, ಅಪ್ಪ ಹಿಪ್ಪುನೇರಳೆ ಹಣ್ಣಿನಿಂದ ಬಟ್ಟಿ ಇಳಿಸಿದ ರಾಕಿ ಎಲ್ಲ ಆಯಿತು. ನಾನು ಬಿಳಿ ಉಡುಪು ಹಾಕಿಕೊಂಡು ಅಪ್ಪನ ಕೈಗೆ ಮುತ್ತಿಟ್ಟು, ರೂಢಿಯಂತೆ ಅತ್ತು ಹೊಸಿಲು ದಾಟಿದೆ. ರೂಢಿಗೆಂದು ಶುರು ಮಾಡಿದ್ದು, ಆಮೇಲೆ ನಿಲ್ಲಿಸಲು ಆಗಲಿಲ್ಲ. ಇಲ್ಲಿ ಈ ಮನೆಯ ಬಾಗಿಲಲ್ಲಿ ಬೆರಳನ್ನು ಜೇನಿನಲ್ಲಿ ಅದ್ದಿ ಮೇಲಿನ ಅಡ್ಡಪಟ್ಟಿಗೆ ಹಚ್ಚಿ ಒಳಗೆ ಬಂದೆ. ಮೂರು ವಾರ ಕಳೆದ ಮೇಲೆ ಗ್ರಾಮೋಜ್ ಹೊರಟ. ನಾನು ಇಲ್ಲೇ ಉಳಿದೆ. ಡೋಲು ಹೊಡೆಸಿ ತಂದ ಸೊಸೆ ಇನ್ನೆಲ್ಲಿರಬೇಕು?

ತಿರಾನಾದ ಅಮೆರಿಕನ್ ದೂತಾವಾಸದವರು ಸಂದರ್ಶನಕ್ಕೆ ಕರೆದರು. ನೀವಿಬ್ಬರೂ ನಿಜವಾಗಿ ಪ್ರೀತಿಸುವವರು, ಸುಳ್ಳು ಜೋಡಿಯಲ್ಲ ಎಂದು ತೋರಿಸಲು ಫೋಟೊ ಒಯ್ಯಬೇಕಂತೆ. ಎಲ್ಲರೂ ನಾಲ್ಕೈದು ಫೋಟೊ ಒಯ್ದರೆ ಅತ್ತೆ ನನ್ನ ಕೈಗೆ ಇಡೀ ಆಲ್ಬಮ್ ಕೊಟ್ಟರು. ವೆಲ್ವೆಟ್ ಹೊದಿಕೆಯದು, ಎಳೆಮಗುವಿನಷ್ಟು ಭಾರ. "ನೋಡ್ಲಿ ಬಿಡು. ಕೊರ್ಚಾದೋರು ಹೆಣ್ಣು ತರೋದು ಹೆಂಗೆ ಅಂತ ಅವರಿಗೂ ಗೊತ್ತಾಗ್ಲಿ" ಎಂದರು. ನಾನೂ ಹೆಮ್ಮೆಯಿಂದ ಮಡಿಲಲ್ಲಿಟ್ಟುಕೊಂಡು ಹೋದೆ.

ಗಾಜಿನ ಹಿಂದೆ ಕೂತ ಹೆಂಗಸು ಒಳ್ಳೆಯವರು. ನಮ್ಮ ಮಾತನ್ನೇ ಆಡಿದರು, ನಕ್ಕರು, ಹಾಳೆ ತಿರುವಿದರು. ಜೇನಿನ ಫೋಟೊ ಬಂದಾಗ ಬೆರಳಿಟ್ಟು "ಇದೇನಮ್ಮಾ ಇದು?" ಎಂದರು. ಯಾರಾದರೂ ನಮ್ಮ ಪದ್ಧತಿ ಕೇಳಿದರೆ ನನ್ನ ಬಾಯಿ ನಿಲ್ಲುತ್ತದೆಯೇ? "ಹೊಸ ಸೊಸೇನ ಮನೆ ತುಂಬ್ಸಿಕೊಳ್ಳೋವಾಗ ಹೀಗೆ ಮಾಡ್ತೀವಿ, ಸಂಸಾರ ಸಿಹಿಯಾಗಿರ್ಲಿ ಅಂತ" ಎಂದೆ. "ಚೆನ್ನಾಗಿದೆ. ಈಗ ಎಲ್ಲಿದೀರಾ?" "ಅತ್ತೆ ಮನೇಲಿ." "ಆವತ್ತಿಂದಾನೂ?" "ಹೂಂ ಮತ್ತೆ!" ಅವರು ಪೆನ್ನು ಕೆಳಗಿಟ್ಟರು. "ನಿಮಗೆ ಮದುವೆ ಆಗಿಹೋಗಿದೆಯಲ್ಲಮ್ಮಾ. ಈ ವೀಸಾ ಇರೋದು ಇನ್ನೂ ಆಗದೇ ಇರೋರಿಗೆ" ಎಂದರು. ನಾನು ಪುರಸಭೆಗೆ ಹೋಗಿಲ್ಲ, ಚರ್ಚಿಗೆ ಹೋಗಿಲ್ಲ ಎಂದು ಬಡಬಡಿಸಿದೆ. ಅವರು ಆಲ್ಬಮ್ ಮುಚ್ಚಿ ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟರು.

ಹಾಗಾದರೆ ಹೆಂಡತಿ ಎಂದೇ ಹೋಗೋಣವೆಂದು ನಾನು ಕೊರ್ಚಾದ ಪುರಸಭೆಗೆ ಓಡಿದೆ. ಅಲ್ಲಿನ ಗುಮಾಸ್ತ ಕನ್ನಡಕ ಮೇಲೇರಿಸಿ "ಗಂಡು ಎಲ್ಲಿ?" ಎಂದ. ಅಮೆರಿಕದಲ್ಲಿ ಎಂದೆ. "ಗಂಡಿಲ್ದೆ ಮದುವೆ ಮಾಡ್ಸೋಕೆ ನಾನೇನು ಮಾಟಗಾರನಾ ತಾಯಿ? ಅವನನ್ನ ಕರ್ಕೊಂಡು ಬಾ" ಎಂದು ಕಳಿಸಿದ. ನಗು ಬರುತ್ತದಲ್ಲವೇ? ನನಗೂ ಮೊದಲು ಬಂತು. ಒಂದು ಕಚೇರಿಗೆ ನಾನು ಹೆಂಡತಿಯಾಗಿಬಿಟ್ಟಿದ್ದೇನೆ, ಇನ್ನೊಂದು ಕಚೇರಿಗೆ ಆಗಿಯೇ ಇಲ್ಲ. ಅತ್ತ ದರಿ, ಇತ್ತ ಪುಲಿ ಎನ್ನುವುದು ಇದಕ್ಕೇ ಇರಬೇಕು.

ವಕೀಲ ಮತ್ತೆ ಎರಡು ದಾರಿ ಹೇಳಿದ್ದಾನೆ. ಗ್ರಾಮೋಜ್ ಬಂದು ಪುರಸಭೆಯಲ್ಲಿ ಸಹಿ ಹಾಕಿ ಹೆಂಡತಿ ಎಂದು ಅರ್ಜಿ ಹಾಕಬೇಕು. ಇಲ್ಲವಾದರೆ ನಾನು ಅಪ್ಪನ ಮನೆಗೆ ಮರಳಿ, ಮದುವೆಯಾಗದ ಹುಡುಗಿಯಾಗಿ ಇದ್ದು, ಮೊದಲಿನಿಂದ ಶುರು ಮಾಡಬೇಕು. ಎರಡನೆಯದನ್ನು ಕೇಳಲು ಮಾರ್ಚಿನಲ್ಲಿ ಊರಿಗೆ ಹೋಗಿದ್ದೆ. ಅಪ್ಪ ತುಂಬ ಹೊತ್ತು ಒಲೆಗೆ ಸೌದೆ ಹಾಕುತ್ತಲೇ ಇದ್ದರು. ಆಮೇಲೆ "ಊರಿಗೆಲ್ಲ ರಾಕಿ ಕುಡ್ಸಿ ಕಳ್ಸಿದೀನಿ ಮಗಾ. ಈಗ ವಾಪಸ್ ಕರ್ಕೊಂಡ್ರೆ ಹುಡುಗೀಲಿ ಏನೋ ಐಬಿದೆ ಅಂತಾರೆ. ವೀಸಾ ಕಥೆ ಯಾರು ನಂಬ್ತಾರೆ? ಊಟ ಮಾಡು, ಸಂಜೆ ಬಸ್ಸಿಗೆ ಬಿಟ್ಟು ಬರ್ತೀನಿ" ಎಂದರು. ಬಸ್ಸು ಬರುವವರೆಗೂ ನನ್ನ ಚೀಲ ಅವರೇ ಹಿಡಿದುಕೊಂಡಿದ್ದರು. ಸಿಟ್ಟು ಬಂತು ಅಕ್ಕ, ಆದರೆ ಅವರ ಮುಖ ನೋಡಿ ಬಸ್ಸು ಹತ್ತಿದೆ.

ಉಳಿದದ್ದು ಗ್ರಾಮೋಜ್ ಬರುವುದೊಂದೇ. ಬರುತ್ತೇನೆ ಎನ್ನುತ್ತಾನೆ. ಛಾವಣಿ ಹಾಕುವ ಕೆಲಸ, ಬಿಸಿಲು ಬಂದರೆ ಯಜಮಾನ ರಜೆ ಕೊಡುವುದಿಲ್ಲವಂತೆ. ಚಳಿಗಾಲದಲ್ಲಿ ಕೇಳಿದಾಗ ಹಿಮ ಬಿದ್ದು ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ ಎಂದಿದ್ದ. ಎರಡೂ ನಿಜವೇ ಇರಬಹುದು.

ಅತ್ತೆಯನ್ನು ನೀನು ದೂರಬೇಡ. ನನ್ನನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾರೆ. ಮನೆಗೆ ಯಾರು ಬಂದರೂ ನಾನು ತಟ್ಟೆಯಲ್ಲಿ ಕಾಫಿ ತಂದು, ಅವರು ಕುಡಿಯುವವರೆಗೂ ನಿಂತಿರಬೇಕು. ಹೊಸ ಸೊಸೆಗೆ ಕೆಲವು ವಾರ ಇರುವ ಶಾಸ್ತ್ರ ಅದು. ನಾನು ಚಳಿಗಾಲ ಕಳೆದರೂ ಹೊಸ ಸೊಸೆಯೇ. ಮೊನ್ನೆ ಪಕ್ಕದ ಮನೆಯಾಕೆ ಕಪ್ಪು ಕೈಗೆತ್ತಿಕೊಳ್ಳುತ್ತ "ಅಯ್ಯೋ, ಇನ್ನೂ ಇಲ್ಲೇ ಇದೀಯೇನೇ? ನಾನು ಅಮೆರಿಕದಿಂದ ರಜೆಗೆ ಬಂದಿದೀಯ ಅಂದ್ಕೊಂಡೆ!" ಎಂದಳು. ಅತ್ತೆ "ನನ್ನ ಸೊಸೆ ನನ್ನ ಹತ್ರ ಇದ್ರೆ ನಿನ್ನ ಹೊಟ್ಟೆ ಯಾಕಮ್ಮಾ ಉರಿಯುತ್ತೆ?" ಎಂದು ಬಾಯಿ ಮುಚ್ಚಿಸಿದರು. ನನಗೆ ಸಂತೋಷವಾಯಿತು. ಆಮೇಲೆ ನಾನೊಬ್ಬಳೇ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಈ ಮನೆಯಲ್ಲಿ ಯಾರೂ ನನ್ನನ್ನು ಕಟ್ಟಿಹಾಕಿಲ್ಲ, ಆದರೆ ಹೊರಟರೆ ಹೋಗುವುದಕ್ಕೆ ಒಂದು ಬಾಗಿಲೂ ಇಲ್ಲ.

ಸಾಕು, ನಿನ್ನ ತಲೆಯನ್ನೂ ಕೆಡಿಸಿದೆ. ಮಕ್ಕಳ ಕೆನ್ನೆಗೆ ನನ್ನ ಮುತ್ತು ಕೊಡು, ಚಿಕ್ಕಮ್ಮನನ್ನು ಮರೆಯಬೇಡಿ ಅನ್ನು. ಭಾವನಿಗೆ ನಮಸ್ಕಾರ. ನಿನ್ನ ಕೈಗೆ ಬೇಗ ಪರವಾನಗಿ ಬರಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಎತ್ಲೆವಾ

ಮರೆತು ಬಿಟ್ಟದ್ದಲ್ಲ ಇದು, ಮೇಲೆ ಬರೆಯಲು ಕೈ ಬರಲಿಲ್ಲ. ಗ್ರಾಮೋಜ್‌ಗೆ ರಜೆ ಸಿಕ್ಕಿತ್ತು. ಈಸ್ಟರಿಗೆ ಬಂದಿದ್ದ. ಪೊಗ್ರಾದೆಕ್‌ನಲ್ಲಿ ಸೋದರಮಾವನ ಮನೆಯಲ್ಲಿ ಇಳಿದು, ತಾಯಿಯನ್ನು ಅಲ್ಲಿಗೇ ಕರೆಸಿಕೊಂಡು ನೋಡಿ, ಹಾಗೇ ಹೊರಟುಹೋದ. ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ಅಕ್ಕ. ಅಲ್ಲಿರುವ ತನ್ನ ಅಣ್ಣನಿಗೆ ಹುಷಾರಿಲ್ಲ ಎಂದು ಅತ್ತೆ ಹೊರಟಾಗ, ರೋಗಿ ತಿನ್ನಲಿ ಎಂದು ನಾನೇ ಹಿಟ್ಟು ಲಟ್ಟಿಸಿ, ಈರುಳ್ಳಿ ಟೊಮೆಟೊ ತುಂಬಿ, ಲಕ್ರೋರ್ ಬೇಯಿಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದೆ. ನಿನ್ನೆ ಅತ್ತೆ ತಡೆಯಲಾಗದೆ ಹೇಳಿಬಿಟ್ಟರು. ಇಲ್ಲಿಗೆ ಯಾಕೆ ಬರಲಿಲ್ಲ ಎಂದೆ. "ಬಂದ್ರೆ ನಿನ್ನನ್ನ ಪುರಸಭೆಗೆ ಕರ್ಕೊಂಡು ಹೋಗ್ಬೇಕಾಗ್ತಿತ್ತಲ್ಲ ಮಗಳೇ" ಎಂದು ನನ್ನ ಕೈ ಹಿಡಿದು ಅತ್ತರು, ನನ್ನನ್ನು ಬಿಟ್ಟು ಹೋಗಬೇಡ ಎಂದರು. ನಾನು ಕೇಳಬೇಕಾದದ್ದು ಎಷ್ಟೋ ಇತ್ತು. ಬಾಯಿಂದ ಬಂದದ್ದು, ಲಕ್ರೋರ್ ತಿಂದನೇ ಎಂದು. "ಒಂದು ಚೂರೂ ಬಿಡದೆ ತಿಂದ. ಯಾರು ಮಾಡಿದ್ದು ಅಂತ ಮಾತ್ರ ಕೇಳ್ಲಿಲ್ಲ" ಎಂದರು.